18 ಸೆಕೆಂಡಿಗೆ 52 ಎಲೆ!

ಹಳೇ ಹುಬ್ಬಳ್ಳಿಯ ಒಂದು ಓಣಿ. ರಾತ್ರಿ ಒಂಬತ್ತೂವರೆ. "ಆ ಮನ್ಯಾಗ ದಿನಾ ಇಸ್ಪೀಟ್ ನಡೀತೈತ್ರಿ, ಪೇಪರಿನ್ಯಾಗ ಬರದ ಹಾಕ್ರಿ" ಅಂತ ಪಾನ್ ಅಂಗಡಿಯವರೊಬ್ಬರು ಕಿವಿಗೆ ಹಾಕಿದ್ದರು. ಅಂದರ್ ಬಾಹರ್ ಅಡ್ಡೆ ಇರಬೇಕು, ನಾಲ್ಕು ಸಾಲಿನ ಸುದ್ದಿಯಾದೀತು ಅಂದುಕೊಂಡು ಹೋದೆ.

ಹೋಗಿ ನೋಡಿದರೆ ಆಡುವವನು ಒಬ್ಬನೇ! ಎದುರಿಗೆ ಯಾರೂ ಇಲ್ಲ. ಚಾಪೆಯ ಮೇಲೆ ಒಂದು ರೂಪಾಯಿಯೂ ಇಲ್ಲ. ಕೈಯಲ್ಲಿ ಇಸ್ಪೀಟ್ ಕಟ್ಟು, ಪಕ್ಕದಲ್ಲಿ ಮೊಬೈಲ್, ಮೊಬೈಲಿನಲ್ಲಿ ಸೆಕೆಂಡ್ ಓಡುತ್ತಿದೆ.

"ಬರ್ರಿ ಅಣ್ಣಾರ, ಚಲೋ ಟೈಮಿಗೆ ಬಂದ್ರಿ. ಟೈಮ್ ಹಿಡೀರಿ" ಅಂದ ಹುಡುಗ.

ವಯಸ್ಸು ಇಪ್ಪತ್ತಾರು. ಬೈಕ್ ಗ್ಯಾರೇಜಿನಲ್ಲಿ ಕೆಲಸ. ಹೆಸರು ಹಾಕಬೇಡಿ ಅಂತ ತಾಯಿ ಕೇಳಿಕೊಂಡಿದ್ದಾರೆ, ಹಾಕುವುದಿಲ್ಲ. ಆ ತಾಯಿಯೇ ಕಟ್ಟಿನಿಂದ ಒಂದು ಎಲೆ ತೆಗೆದು, ಯಾರಿಗೂ ತೋರಿಸದೆ ತಟ್ಟೆಯ ಕೆಳಗೆ ಇಟ್ಟರು. ಹುಡುಗ ಉಳಿದ 51 ಎಲೆ ಎರಡೆರಡಾಗಿ ತಿರುವುತ್ತಾ ಹೋದ. ತುಟಿ ಅಲ್ಲಾಡಲಿಲ್ಲ. ಕೊನೆಯ ಎಲೆ ಬಿದ್ದಾಗ ನನ್ನ ಗಡಿಯಾರದಲ್ಲಿ 18 ಸೆಕೆಂಡ್.

"ತಟ್ಟಿ ಕೆಳಗ ಇರೋದು ದೊಡ್ಡ ಎಲಿ" ಅಂದ. ತಾಯಿ ತಟ್ಟೆ ಎತ್ತಿದರು. ಕಳಾವರ್ ರಾಣಿ!

"ಇವ ಯಾವುದೋ ಪರೀಕ್ಷೆಗೆ ಓದಾಕತ್ತಾನ ಅಂತ ತಿಳ್ಕೊಂಡಿದ್ದೆ ನಾ" ಅಂದರು ತಾಯಿ.

ಜಾದೂ ಅಲ್ಲ, ಕೂಡುವ ಕಳೆಯುವ ಲೆಕ್ಕ

ಇದು ಬ್ಲಾಕ್‌ಜಾಕ್ ಎಂಬ ಆಟದ ತಾಲೀಮು. ಇಪ್ಪತ್ತೊಂದರ ಆಟ ಅಂತಲೂ ಕರೆಯುತ್ತಾರೆ. ಎಲೆಗಳ ಮೊತ್ತ 21ಕ್ಕೆ ಹತ್ತಿರ ಬರಬೇಕು, ದಾಟಿದರೆ ಸೋತಂತೆ. ರಾಜ, ರಾಣಿ, ಗುಲಾಮ ಮೂರಕ್ಕೂ ಹತ್ತರ ಬೆಲೆ. ಎಕ್ಕಕ್ಕೆ ಒಂದು ಅಥವಾ ಹನ್ನೊಂದು. ಎದುರಾಳಿ ಅಂದರೆ ಕ್ಯಾಸಿನೋದ ಪರವಾಗಿ ಎಲೆ ಹಂಚುವವನು.

ಎಣಿಕೆ ತೀರಾ ಸರಳ. 2ರಿಂದ 6ರವರೆಗಿನ ಸಣ್ಣ ಎಲೆ ಬಿದ್ದರೆ ಒಂದು ಕೂಡಬೇಕು. 7, 8, 9 ಬಿದ್ದರೆ ಸುಮ್ಮನಿರಬೇಕು. ಹತ್ತು, ಗುಲಾಮ, ರಾಣಿ, ರಾಜ, ಎಕ್ಕ ಬಿದ್ದರೆ ಒಂದು ಕಳೆಯಬೇಕು. ಕಟ್ಟಿನಲ್ಲಿ ಕೂಡುವ ಎಲೆ 20, ಕಳೆಯುವ ಎಲೆ 20, ಸುಮ್ಮನಿರುವ ಎಲೆ 12. ಹೀಗಾಗಿ 52ನ್ನೂ ತಿರುವಿದರೆ ಕೊನೆಗೆ ಸೊನ್ನೆ ಬರಲೇಬೇಕು. ಒಂದು ಎಲೆ ಮುಚ್ಚಿಟ್ಟಾಗ ಕೊನೆಗೆ ಒಂದು ಹೆಚ್ಚು ಬಂತೋ, ಮುಚ್ಚಿದ್ದು ದೊಡ್ಡ ಎಲೆ. ಒಂದು ಕಡಿಮೆ ಬಂತೋ, ಸಣ್ಣ ಎಲೆ. ರಾಣಿ ಸಿಕ್ಕಿಬಿದ್ದದ್ದು ಹೀಗೆ.

ಸಣ್ಣ ಎಲೆ ಮುಗಿದು ದೊಡ್ಡವು ಉಳಿದರೆ ಏನು ಲಾಭ? ಹಂಚುವವನು 17 ಮುಟ್ಟುವ ತನಕ ಎಲೆ ಎಳೆಯಲೇಬೇಕು, 16ಕ್ಕೆ ನಿಲ್ಲುವ ಹಾಗಿಲ್ಲ. ನಾವು ನಿಲ್ಲಬಹುದು. ಕಟ್ಟಿನ ತುಂಬ ಹತ್ತುಗಳಿದ್ದರೆ ಅವನು 21 ದಾಟಿ ಬೀಳುವುದು ಹೆಚ್ಚು. ಜತೆಗೆ ಮೊದಲ ಎರಡೇ ಎಲೆಯಲ್ಲಿ ಎಕ್ಕ ಮತ್ತು ಹತ್ತು ಬಂದರೆ ಹಳೇ ನಿಯಮದಲ್ಲಿ 100ಕ್ಕೆ 150 ಸಿಗುತ್ತದೆ. ಅಂಥ ಹೊತ್ತಿನಲ್ಲಿ ಪಣ ಏರಿಸಬೇಕು, ಉಳಿದ ಹೊತ್ತು ಕನಿಷ್ಠ ಹಾಕಿ ಕೂರಬೇಕು. ಇಡೀ ವಿದ್ಯೆ ಇಷ್ಟೇ.

ವೇಗ ಬಂದದ್ದು ಎಲ್ಲಿಂದ? "ಮೊದಲ ಒಂದೊಂದ ಎಲಿ ಎಣಿಸ್ತಿದ್ದೆ, ಒಂದೂವರಿ ನಿಮಿಷ ಹಿಡೀತಿತ್ತು. ಈಗ ಜೋಡಿ ನೋಡ್ತೀನ್ರಿ. ರಾಜನ ಜತಿ ಐದು ಬಂದ್ರ ಸೊನ್ನಿ, ಬಿಟ್ಟ ಬಿಡೋದು. ಎರಡೂ ಸಣ್ಣದಾದ್ರ ಒಮ್ಮೆಗೇ ಎರಡು." ಬಸ್ ಕಂಡಕ್ಟರ್ ಸೀಟು ಎಣಿಸುವುದೂ ಹೀಗೇ ತಾನೇ? ಮುಖ ಎಣಿಸುವುದಿಲ್ಲ, ಜೋಡಿ ಎಣಿಸುತ್ತಾನೆ. ಅರ್ಧ ನಿಮಿಷದೊಳಗೆ ಒಂದು ಕಟ್ಟು ಮುಗಿಸಿದರೆ ಮೇಜಿಗೆ ಕೂರಲು ಅಡ್ಡಿಯಿಲ್ಲ ಅನ್ನುವುದು ಬಲ್ಲವರ ಅಳತೆ. ನಮ್ಮ ಹುಡುಗ 18ಕ್ಕೆ ಮುಗಿಸುತ್ತಾನೆ. ಹೌದು ಸ್ವಾಮಿ, ಪಿಯುಸಿ ಗಣಿತಕ್ಕೆ ಕೈಮುಗಿದು ಬಂದ ನಾನು ಬೆರಗಾದೆ.

ಅಮೆರಿಕದ ಗಣಿತ ಮೇಷ್ಟ್ರು

ಈ ವಿದ್ಯೆಯ ಊರು ಅಮೆರಿಕ. 1956ರಲ್ಲಿ ಅಲ್ಲಿನ ಸೈನ್ಯದಲ್ಲಿದ್ದ ನಾಲ್ವರು ಮೇಜಿನ ಮೇಲಿಡುವ ಲೆಕ್ಕದ ಯಂತ್ರಗಳನ್ನೇ ಬಳಸಿ, ಯಾವ ಎಲೆಗೆ ಹೇಗೆ ಆಡಿದರೆ ನಷ್ಟ ಕಡಿಮೆ ಅಂತ ಕಂಡುಹಿಡಿದು ಪ್ರಕಟಿಸಿದರು. ಅದರಂತೆ ತಪ್ಪಿಲ್ಲದೆ ಆಡಿದರೂ ಈಗಿನ ಸಾಮಾನ್ಯ ನಿಯಮದಲ್ಲಿ ಕ್ಯಾಸಿನೋಗೆ ನೂರು ರೂಪಾಯಿಗೆ ಎಂಟಾಣೆಯಷ್ಟು ಮೇಲುಗೈ ಇದ್ದೇ ಇರುತ್ತದೆ. ಆಮೇಲೆ ಎಡ್ವರ್ಡ್ ಥಾರ್ಪ್ ಎಂಬ ಗಣಿತದ ಮೇಷ್ಟ್ರು ಐಬಿಎಂ 704 ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ಬಿದ್ದ ಎಲೆ ನೆನಪಿಟ್ಟರೆ ಆ ಮೇಲುಗೈ ಆಟಗಾರನ ಕಡೆಗೇ ತಿರುಗುತ್ತದೆ ಅಂತ 1961ರಲ್ಲಿ ತೋರಿಸಿದ. 1962ರಲ್ಲಿ ಅವನ ಪುಸ್ತಕ 'ಬೀಟ್ ದ ಡೀಲರ್' ಬಂತು.

ಕ್ಯಾಸಿನೋಗಳು ಬೆಚ್ಚಿದವು. 1964ರಲ್ಲಿ ಲಾಸ್ ವೇಗಸ್ ಕ್ಯಾಸಿನೋಗಳು ನಿಯಮ ಬಿಗಿ ಮಾಡಿ ನೋಡಿದವು. ಗಿರಾಕಿಗಳು ತಿರುಗಿ ನೋಡಲಿಲ್ಲ, ಕೆಲವೇ ವಾರಗಳಲ್ಲಿ ಹಳೇ ನಿಯಮಕ್ಕೇ ಬಂದವು. ಆಮೇಲೆ ಬೇರೆ ದಾರಿ ಹಿಡಿದರು. ಒಂದು ಕಟ್ಟಿನ ಬದಲು ಆರು, ಎಂಟು ಕಟ್ಟು. ಎಲೆ ಮುಗಿಯುವ ಮೊದಲೇ ಕಲಸುವುದು. ಕೆಲವು ಮೇಜಿನಲ್ಲಿ ಬಿದ್ದ ಎಲೆಯನ್ನು ಆಗಿಂದಾಗ್ಗೆ ಕಲಸುತ್ತಲೇ ಇರುವ ಯಂತ್ರ. ಅಂಥ ಮೇಜಿನಲ್ಲಿ 18 ಸೆಕೆಂಡಿನ ಹುಡುಗನೂ ಒಂದೇ, ಎಣಿಸಲು ಬಾರದವನೂ ಒಂದೇ. ಇನ್ನು ಕೆಲವು ಮೇಜಿನಲ್ಲಿ ಆ 150ರ ಬಹುಮಾನವನ್ನು 120ಕ್ಕೆ ಇಳಿಸಿಬಿಟ್ಟಿದ್ದಾರೆ.

ಇದೆಲ್ಲಕ್ಕಿಂತ ಸುಲಭದ ದಾರಿ ಒಂದಿದೆ. ಬಾಗಿಲು ತೋರಿಸುವುದು! ತಲೆಯಲ್ಲೇ ಎಣಿಸುವುದು ಅಲ್ಲಿ ಅಪರಾಧವಲ್ಲ. ಯಂತ್ರ ಇಟ್ಟುಕೊಂಡು ಎಣಿಸುವುದನ್ನು ಮಾತ್ರ ನೆವಾಡಾ ರಾಜ್ಯ 1985ರಲ್ಲಿ ಅಪರಾಧ ಮಾಡಿತು. ಆದರೂ ನೆವಾಡಾದ ಕ್ಯಾಸಿನೋ "ನಿಮ್ಮ ಆಟ ಸಾಕು" ಅಂದರೆ ಎದ್ದು ಬರಬೇಕು. ಕೆನ್ ಉಸ್ಟನ್ ಎಂಬ ಎಣಿಕೆಗಾರ ನ್ಯೂಜೆರ್ಸಿಯಲ್ಲಿ ಕೋರ್ಟಿಗೆ ಹೋದ. ಕ್ಯಾಸಿನೋ ಆಯೋಗದ ನಿಯಮವಿಲ್ಲದೆ ಎಣಿಕೆಗಾರನನ್ನು ಹೊರಹಾಕುವ ಹಾಗಿಲ್ಲ ಅಂತ 1982ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಗೆದ್ದ. ಆದರೆ ಕಲಸುವ ಕೈ ಕ್ಯಾಸಿನೋದ್ದೇ ತಾನೇ?

ಹುಬ್ಬಳ್ಳಿಗೂ ಇದಕ್ಕೂ ಏನು ನಂಟು?

ನಂಟು ಒಂದು ಬಸ್ಸಿನ ದೂರದಲ್ಲಿದೆ. ಬೆಳಿಗ್ಗೆ ಹತ್ತಿದರೆ ಮಧ್ಯಾಹ್ನದ ಹೊತ್ತಿಗೆ ಪಣಜಿ. ನಮ್ಮಲ್ಲಿ ಜೂಜಿನ ಅಡ್ಡೆ ನಡೆಸಿದರೆ 1963ರ ಕರ್ನಾಟಕ ಪೊಲೀಸ್ ಕಾಯ್ದೆ ಹಿಡಿಯುತ್ತದೆ. ಗೋವಾದಲ್ಲಿ 1976ರ ಜೂಜು ಕಾಯ್ದೆಗೆ 1992ರಲ್ಲಿ ತಿದ್ದುಪಡಿಯಾಗಿ ಬಾಗಿಲು ತೆರೆಯಿತು, ಆಮೇಲೆ ಹಡಗಿನ ಮೇಲೂ ಅನುಮತಿ ಬಂತು. ಮಾಂಡೋವಿ ನದಿಯಲ್ಲಿ ದೀಪ ಹಾಕಿಕೊಂಡು ನಿಂತ ಹಡಗುಗಳನ್ನು ನೋಡದ ಹುಬ್ಬಳ್ಳಿಗರು ಕಡಿಮೆ.

ಹುಡುಗನ ಕಣ್ಣು ಅಲ್ಲಿದೆ. ಸ್ವಂತ ಗ್ಯಾರೇಜ್ ಹಾಕಬೇಕು. ಮಳಿಗೆ ನೋಡಿದ್ದಾನೆ, ಒಂದೂವರೆ ಲಕ್ಷ ಡಿಪಾಸಿಟ್ ಕೇಳಿದ್ದಾರೆ. ಚೀಟಿ ಎತ್ತಿದ ದುಡ್ಡು 80 ಸಾವಿರ ಕೈಯಲ್ಲಿದೆ. ಕಡಿಮೆ ಬಿದ್ದದ್ದು 70 ಸಾವಿರ. "ಎರಡು ರಾತ್ರಿ ಸಾಕ್ರಿ ಅಣ್ಣಾರ" ಅಂದ.

ತಾಯಿ ಏನೂ ಅನ್ನಲಿಲ್ಲ. ಚೀಟಿಗೆ ತಿಂಗಳು ತಿಂಗಳು ಕಟ್ಟಿದ್ದು ಆಕೆಯ ರೊಟ್ಟಿ ಮಾರಿದ ದುಡ್ಡೂ ಹೌದು.

ಮನೆ ಬೇರೆ, ಸಂತೆ ಬೇರೆ

"ತಮ್ಮಾ, ನಾಳೆ ಸಂಜೆ ದುರ್ಗದ ಬೈಲಿಗೆ ಬಾ" ಅಂದೆ. ಬಂದ. ಚಹಾದಂಗಡಿಯ ಮೂಲೆಯ ಬೆಂಚು. ಹೊರಗೆ ಗಿರ್ಮಿಟ್ ಗಾಡಿಯ ಕೂಗು, ಹಾರ್ನ್, ಜನ. ನಾನೇ ಒಂದು ಎಲೆ ತೆಗೆದು ಬಸಿಯ ಕೆಳಗಿಟ್ಟೆ. ಅವನು ತಿರುವುತ್ತಿದ್ದಾಗ ಬೇಕೆಂದೇ ಮಾತಾಡಿಸಿದೆ: "ಮಳಿಗಿ ಬಾಡಿಗಿ ಎಷ್ಟೋ? ಚಹಾ ತಗೋ, ಆರಿ ಹೋಗತೈತಿ. ನಿಮ್ಮವ್ವನ ಕಾಲು ನೋವು ಹೆಂಗೈತಿ?"

ಯಾಕೆಂದರೆ ಕ್ಯಾಸಿನೋದಲ್ಲಿ ಇದೇ ನಡೆಯುವುದು. ಹಂಚುವವನು ನಗುತ್ತಾ ಮಾತಾಡಿಸುತ್ತಾನೆ, ಪಕ್ಕದವನು ಗೊಣಗುತ್ತಾನೆ, ಮೇಲಿನ ಕ್ಯಾಮೆರಾ ನಿಮ್ಮ ಕೈ ನೋಡುತ್ತದೆ. ಮಾತಿಗೆ ಮಾತು ಕೊಡದೆ ಎಲೆಯನ್ನೇ ದಿಟ್ಟಿಸುವವನ ಮೇಲೆ ಅನುಮಾನ ಮೊದಲು.

31 ಸೆಕೆಂಡ್ ಹಿಡಿಯಿತು. "ಸಣ್ಣ ಎಲಿ" ಅಂದ. ಬಸಿ ಎತ್ತಿದೆ. ಇಸ್ಪೀಟ್ ಎಕ್ಕ! ಎಣಿಕೆಯಲ್ಲಿ ಎರಡು ತಪ್ಪಿತ್ತು.

ಹುಡುಗ ಕೆಂಪಾದ. ಇನ್ನೊಮ್ಮೆ ಮಾಡಿದ, 27 ಸೆಕೆಂಡ್, ಈ ಸಲ ಸರಿ ಬಂತು. ಹಟಮಾರಿ, ಒಪ್ಪಬೇಕು. ಆದರೆ ಇನ್ನೊಂದು ಪ್ರಶ್ನೆ ಉಳಿದಿತ್ತು. ಆರು ಕಟ್ಟಿನ ಆಟದಲ್ಲಿ ಎಣಿಕೆ 6 ಬಂದರೆ ಅದು 6 ಅಲ್ಲ. ಇನ್ನೂ ಮೂರು ಕಟ್ಟು ಉಳಿದಿದ್ದರೆ ಮೂರರಿಂದ ಭಾಗಿಸಬೇಕು, ಅಂದರೆ ನಿಜವಾದ ಬೆಲೆ 2. ಆಡಿ ಮುಗಿದ ಎಲೆಗಳ ರಾಶಿಯ ದಪ್ಪ ನೋಡಿಯೇ ಎಷ್ಟು ಕಟ್ಟು ಉಳಿದಿದೆ ಅಂತ ಅಂದಾಜು ಮಾಡಬೇಕು. "ಅದನ್ನ ಇನ್ನೂ ಕಲ್ತಿಲ್ರಿ" ಅಂದ ಸಣ್ಣ ದನಿಯಲ್ಲಿ.

ದುಡ್ಡಿನ ಲೆಕ್ಕ

ಎಲ್ಲ ಕಲಿತ ಅಂತಲೇ ಇಟ್ಟುಕೊಳ್ಳೋಣ. ಚೆನ್ನಾಗಿ ಎಣಿಸುವವನಿಗೂ ಸಿಗುವ ಮೇಲುಗೈ ನೂರಕ್ಕೆ ಒಂದು ರೂಪಾಯಿಯ ಆಸುಪಾಸು. ಚಹಾದಂಗಡಿಯ ಬಿಲ್ಲಿನ ಹಿಂದೆ ಇಬ್ಬರೂ ಲೆಕ್ಕ ಹಾಕಿದೆವು. ಸರಾಸರಿ ಸಾವಿರ ರೂಪಾಯಿ ಪಣ ಇಟ್ಟರೆ ಒಂದು ಆಟಕ್ಕೆ ಹತ್ತು ರೂಪಾಯಿ ಲಾಭ. 70 ಸಾವಿರ ಬರಬೇಕಾದರೆ 7 ಸಾವಿರ ಆಟ. ಗಂಟೆಗೆ 60 ಆಟದಂತೆ ಸುಮಾರು 117 ಗಂಟೆ. ದಿನಾ ಐದು ಗಂಟೆ ಕೂತರೆ 23 ರಾತ್ರಿ! ಬಸ್ಸು, ರೂಮು, ಹಡಗಿನ ಪ್ರವೇಶದ ದುಡ್ಡು ಬೇರೆ. ಒಂದೇ ಮುಖ 23 ರಾತ್ರಿ ಬಂದು ಪಣ ಏರಿಸಿ ಇಳಿಸಿದರೆ ಅವರು ಸುಮ್ಮನೆ ಬಿಟ್ಟಾರೆಯೇ?

ಇನ್ನೂ ಕಹಿಯಾದದ್ದಿದೆ. ಐದು ಗಂಟೆಯ 300 ಆಟಕ್ಕೆ ಲೆಕ್ಕದ ಲಾಭ 3 ಸಾವಿರ. ಆದರೆ ಅದೃಷ್ಟದ ಏರಿಳಿತ ಸುಮಾರು 20 ಸಾವಿರ, ಆ ಕಡೆಗೂ ಈ ಕಡೆಗೂ. ಅಂದರೆ ಒಂದೂ ತಪ್ಪಿಲ್ಲದೆ ಆಡಿದರೂ ಆರು ರಾತ್ರಿಗೊಮ್ಮೆಯಾದರೂ 17 ಸಾವಿರಕ್ಕಿಂತ ಹೆಚ್ಚು ಕಳೆದುಕೊಂಡು ಎದ್ದು ಬರಬೇಕು. ಅಂಥ ರಾತ್ರಿಗಳೇ ಸಾಲಾಗಿ ಬಂದರೆ 80 ಸಾವಿರ ಎಷ್ಟು ದಿನ? ಅಮೆರಿಕದ ಎಣಿಕೆಗಾರರು ತಂಡ ಕಟ್ಟಿ, ದೊಡ್ಡ ಗಂಟು ಒಟ್ಟು ಹಾಕಿ ಆಡಿದ್ದು ಇದಕ್ಕೇ. ಕೈಯ ವೇಗ ಇಪ್ಪತ್ತು ದಿನದಲ್ಲಿ ಬರುತ್ತದೆ, ಪುಕ್ಕಟೆ. ಸೋಲು ತಡೆಯುವ ಗಂಟು ಬರುವುದಿಲ್ಲ.

ಹುಡುಗ ಬಿಲ್ಲನ್ನು ಮಡಚಿ ಜೇಬಿಗೆ ಹಾಕಿದ. ವಾದ ಮಾಡಲಿಲ್ಲ.

ರಾತ್ರಿ ಮನೆಗೆ ಹೋಗಿ ತಾಯಿಗೆ ಎಲ್ಲ ಹೇಳಿದೆ. ಬಾಗಿಲು ತೋರಿಸುವ ವಿಷಯವನ್ನೂ ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ಮಗನನ್ನು ಕೇಳಿದರು: "ಗೆದ್ದವರನ್ನ ಹೊರಗ ಕಳಸ್ತಾರಂದ್ರ, ಸೋತವರನ್ನ ಯಾಕ ಕಳಸೂದಿಲ್ಲೋ?"

ಉತ್ತರ ಯಾರಲ್ಲೂ ಇರಲಿಲ್ಲ.

ಈ ವಾರದ ಬಸ್ಸಿಗೆ ಹುಡುಗ ಹೋಗಿಲ್ಲ. ಡಿಪಾಸಿಟ್ ಎರಡು ಕಂತಿನಲ್ಲಿ ಕೊಡಬಹುದೇ ಅಂತ ಮಳಿಗೆಯವರನ್ನು ಕೇಳಿ ಬಂದಿದ್ದಾನೆ. ಅವರು ನೋಡೋಣ ಅಂದಿದ್ದಾರಂತೆ. ಮುಂದಿನ ವಾರ ಏನು ಮಾಡುತ್ತಾನೋ, ನಾನು ಬರೆದುಕೊಡಲಾರೆ. ನಿನ್ನೆ ರಾತ್ರಿ ಆ ಓಣಿಯಲ್ಲಿ ಹಾದು ಬಂದೆ. ಎಲೆ ತಿರುವುವ ಸದ್ದು ಇನ್ನೂ ಕೇಳುತ್ತಿತ್ತು. ಚೀಟಿ ದುಡ್ಡು ಮಾತ್ರ ಬ್ಯಾಂಕಿನಲ್ಲೇ ಇದೆ. ಪಾಸ್‌ಬುಕ್ ತಾಯಿಯ ಹಾಸಿಗೆಯ ಕೆಳಗಿದೆ.