ಮಳೆಗೆ ಮುನ್ನ ಮಾಳಿಗೆಯನ್ನೊಮ್ಮೆ ನೋಡಿಸಿರಿ

ರೋಹಿಣಿಯ ಬಿಸಿಲು ನೆತ್ತಿಯನ್ನು ಸುಡುತ್ತಿರುವ ಈ ದಿನಗಳಲ್ಲಿ ಮಳೆಯ ಮಾತೆತ್ತುವುದು ವಾಚಕರಿಗೆ ಅಕಾಲಿಕವೆಂದು ತೋರಬಹುದು. ಆದರೆ ಮೃಗಶಿರಾ ಕಾರ್ತೆಗೆ ಉಳಿದಿರುವುದು ಕೆಲವೇ ದಿನಗಳು. ಆ ದಿನ ನಾಂಪಲ್ಲಿಯ ವಸ್ತುಪ್ರದರ್ಶನ ಮೈದಾನದಲ್ಲಿ ಮೀನಿನ ಪ್ರಸಾದಕ್ಕೆಂದು ಉಬ್ಬಸದವರು ಸಾಲುಗಟ್ಟಿ ನಿಲ್ಲುವುದನ್ನು ಹೈದರಾಬಾದಿನಲ್ಲಿ ಕಾಣದವರಿಲ್ಲ. ಅವರು ತಮ್ಮ ಎದೆಯ ಚಿಂತೆ ಮಾಡುವ ಹೊತ್ತಿಗೆ, ಮನೆಯುಳ್ಳವರು ತಮ್ಮ ಮಾಳಿಗೆಯ ಚಿಂತೆಯನ್ನು ಮುಗಿಸಿರಬೇಕು ಎಂಬುದೇ ಈ ಲೇಖನದ ಉದ್ದೇಶ.

ನಾವು ಹುಟ್ಟಿ ಬೆಳೆದದ್ದು ಉಡುಪಿಯ ಕಡೆಯ ಒಂದು ಹಳ್ಳಿಯಲ್ಲಿ. ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ ಸುರಿಯುವ ಸೀಮೆ ಅದು. ಪತ್ತನಾಜೆಗೆ, ಎಂದರೆ ಮೇ ತಿಂಗಳ ಕೊನೆಯ ವಾರಕ್ಕೆ ಮುಂಚೆ, ಮಾಡಿನ ಕೆಲಸ ಮುಗಿಯಲೇಬೇಕೆಂಬುದು ಊರಿನ ಅಲಿಖಿತ ಶಾಸನವಾಗಿತ್ತು. ಹುಲ್ಲಿನ ಮಾಡಾದರೆ ಹೊಸ ಹೊದಿಕೆ. ಹಂಚಿನ ಮಾಡಾದರೆ ಒಬ್ಬ ತಿಳಿದ ಆಳು ಏಣಿಯಿಟ್ಟು ಹತ್ತಿ, ಒಂದೊಂದು ಹಂಚನ್ನೂ ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಿದ್ದ. ಗಟ್ಟಿ ಹಂಚು ಗಂಟೆಯಂತೆ ನುಡಿಯುವುದು. ಬಿರುಕು ಬಿಟ್ಟ ಹಂಚಿನ ಧ್ವನಿ ಕೆಮ್ಮಿದಂತಿರುವುದು. ಪಕ್ಕಾಸಿಗೆ ಗೆದ್ದಲು ಹತ್ತಿದೆಯೇ, ರೀಪು ಬಾಗಿದೆಯೇ, ಸಂದುಗಳಲ್ಲಿ ತರಗೆಲೆ ಕಟ್ಟಿದೆಯೇ ಎಂದು ನೋಡಿಯೇ ಅವನು ಕೆಳಗಿಳಿಯುತ್ತಿದ್ದ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದ ಮೇಲೆ ಹುಲ್ಲು ಹೋಗಿ ಹಂಚು ಬಂದಿತೇ ಹೊರತು, ವರ್ಷಕ್ಕೊಮ್ಮೆ ನೋಡುವ ಪದ್ಧತಿ ಹೋಗಲಿಲ್ಲ.

ಅದೇ ನಾವು ಹೊಟ್ಟೆಪಾಡಿಗೆಂದು ಈ ನಗರಕ್ಕೆ ಬಂದು ಕಾಂಕ್ರೀಟಿನ ಕೆಳಗೆ ಮಲಗಲಾರಂಭಿಸಿದ ಮೇಲೆ ಆ ಪದ್ಧತಿಯನ್ನು ಪೂರ್ತಿ ಮರೆತೆವು. ಇಲ್ಲಿ ವರ್ಷದ ಮಳೆ ಸುಮಾರು 800 ಮಿಲಿಮೀಟರು ಮಾತ್ರ. ಇಷ್ಟು ಮಳೆಗೆ ಅಷ್ಟು ದಪ್ಪ ಮಾಳಿಗೆಯುಳ್ಳವರಿಗೆ ಭಯವೇನು ಎಂಬುದು ನಮ್ಮ ತರ್ಕವಾಗಿತ್ತು. ಈ ತರ್ಕಕ್ಕೆ ನಾವು ತೆತ್ತ ದಂಡವನ್ನು ಮುಚ್ಚುಮರೆಯಿಲ್ಲದೆ ಇಲ್ಲಿ ಬರೆಯುತ್ತೇವೆ.

ನಮ್ಮ ಅಡಿಗೆಮನೆಯ ಪಾಠ

ಪತ್ರಿಕೆಯ ಕೆಲಸಕ್ಕೆ ಕೈಹಾಕುವುದಕ್ಕೆ ಮೊದಲು ನಾವು ಕಾಚಿಗುಡದಲ್ಲಿ ಒಂದು ಹೋಟೆಲನ್ನು ನಡೆಸುತ್ತಿದ್ದೆವು. ಅಡಿಗೆಮನೆಯ ಮಾಳಿಗೆಯ ಒಳಮೈಯಲ್ಲಿ, ರುಬ್ಬುವ ಯಂತ್ರದ ನೇರಕ್ಕೆ, ತಾಟಿನಗಲದ ಒಂದು ಕಂದು ಕಲೆ ಮೂಡಿತ್ತು. ಪ್ರತಿ ದಸರೆಗೂ ಅದರ ಮೇಲೆ ಸುಣ್ಣ ಬಳಿಸುತ್ತಿದ್ದೆವು. ಮುಂದಿನ ಶ್ರಾವಣದೊಳಗೆ ಅದು ಇನ್ನಷ್ಟು ಅಗಲವಾಗಿ ಮತ್ತೆ ತೋರುತ್ತಿತ್ತು. ನಮ್ಮ ಹಿರಿಯ ಅಡಿಗೆಯವರು ಎರಡು ಸಲ ನಮ್ಮ ಗಮನಕ್ಕೆ ತಂದರು: ಕೋಲಿನಿಂದ ತಟ್ಟಿದರೆ ಅಲ್ಲಿ ಟೊಳ್ಳು ಸದ್ದು ಬರುತ್ತಿದೆಯೆಂದು. ಹಬ್ಬ ಕಳೆಯಲಿ, ಹಂಗಾಮು ಮುಗಿಯಲಿ ಎಂದು ನಾವು ಮುಂದಕ್ಕೆ ಹಾಕಿದೆವು.

2016ರ ಸೆಪ್ಟೆಂಬರಿನಲ್ಲಿ ಹೈದರಾಬಾದಿನಲ್ಲಿ ದಿನಗಟ್ಟಲೆ ಮಳೆ ಹಿಡಿದದ್ದು ಅನೇಕರಿಗೆ ನೆನಪಿರಬಹುದು. ಆ ವಾರದ ಒಂದು ಮುಂಜಾನೆ, ನಾಲ್ಕು ಗಂಟೆಯ ಹೊತ್ತಿಗೆ, ಅವರು ಹಿಟ್ಟು ತೆಗೆಯಲು ಬಗ್ಗಿದ್ದಾಗ ಆ ಕಲೆಯ ಜಾಗದ ಗಾರೆಯು ಕಾಂಕ್ರೀಟಿನ ತುಂಡುಗಳ ಸಮೇತ ಕಳಚಿ ಬಿದ್ದಿತು. ತಲೆಗೆ ಬೀಳಬೇಕಾದದ್ದು ಭುಜಕ್ಕೆ ಬಿದ್ದಿತು. ಭುಜದ ಎಲುಬು ಮುರಿಯಿತು. ಔಷಧೋಪಚಾರದ ಖರ್ಚನ್ನು ನಾವು ಕೊಟ್ಟೆವು, ಸಂಬಳವನ್ನೂ ನಿಲ್ಲಿಸಲಿಲ್ಲ. ಆದರೆ ಆ ಬಲಗೈ ಇಂದಿಗೂ ಭುಜದ ಮಟ್ಟಕ್ಕಿಂತ ಮೇಲೇಳುವುದಿಲ್ಲ. ಮೂವತ್ತು ವರ್ಷ ದೋಸೆ ಹುಯ್ದ ಕೈ ಅದು. ಹಣದಿಂದ ತೀರುವ ಋಣ ಇದಲ್ಲ.

ಮರುದಿನ ಕರೆತಂದ ಇಂಜಿನಿಯರರು ಅಡಿಗೆಮನೆಯನ್ನು ನೋಡುವ ಮೊದಲು ಮಾಳಿಗೆಯ ಮೇಲಕ್ಕೆ ಹತ್ತಿದರು. ನೀರು ಹೋಗುವ ಕೊಳವೆಯ ಬಾಯಿಗೆ ಹಳೆಯ ಗೋಣಿಚೀಲ ಮತ್ತು ಎಲೆಗಳು ತುಂಬಿದ್ದವು. ನಾವೇ ಏರಿಸಿಟ್ಟಿದ್ದ ಸಾವಿರ ಲೀಟರಿನ ಎರಡು ನೀರಿನ ತೊಟ್ಟಿಗಳು ತೊಲೆಯ ಮೇಲಿರದೆ ಬರಿಯ ಚಪ್ಪಡಿಯ ನಡುವೆ ಕುಳಿತಿದ್ದವು. ಮುರಿದ ಬೆಂಚುಗಳೂ ಒಂದು ಒಡೆದ ರುಬ್ಬುಗುಂಡೂ ಅಲ್ಲಿಯೇ ಬಿದ್ದಿದ್ದವು. ಅವರು ತೆಗೆದುಕೊಂಡ ಶುಲ್ಕ ನಮ್ಮ ಎರಡು ದಸರೆಗಳ ಸುಣ್ಣದ ಖರ್ಚಿಗಿಂತ ಕಡಮೆಯಾಗಿತ್ತು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಬೇಕಾಯಿತೆಂಬ ಗಾದೆಗೆ ನಾವೇ ನಿದರ್ಶನವಾದೆವು.

ಕಾಂಕ್ರೀಟು ಕೆಡುವ ಬಗೆ

ಕಾಂಕ್ರೀಟು ಕಲ್ಲಿನಂತೆ ಕಂಡರೂ ಅದರ ಜೀವ ಒಳಗಿನ ಉಕ್ಕಿನ ಸರಳುಗಳಲ್ಲಿದೆ. ಸಿಮೆಂಟಿನ ಕ್ಷಾರಗುಣವೇ ಆ ಸರಳುಗಳಿಗೆ ಕವಚ. ವರ್ಷಗಳು ಕಳೆದಂತೆ ಗಾಳಿಯಲ್ಲಿನ ಇಂಗಾಲಾಮ್ಲವು ಒಳಹೊಕ್ಕು ಕ್ಷಾರವನ್ನು ಕುಗ್ಗಿಸುತ್ತದೆ. ಮೇಲಿನಿಂದ ನೀರೂ ಜಿನುಗಿದರೆ ಉಕ್ಕಿಗೆ ತುಕ್ಕು ಹಿಡಿಯುತ್ತದೆ. ತುಕ್ಕಿಗೆ ಬೇಕಾಗುವ ಸ್ಥಳ ಮೂಲ ಉಕ್ಕಿನ ಎರಡು ಪಾಲಿಗೂ ಹೆಚ್ಚು. ಆ ಒತ್ತಡಕ್ಕೆ ಕೆಳಗಿನ ಪದರು ಬಿರಿದು, ಟೊಳ್ಳಾಗಿ, ಕೊನೆಗೆ ಕಳಚುತ್ತದೆ. ಮಾಳಿಗೆಯಲ್ಲಿ ಸರಳಿನ ಕೆಳಗಿರಬೇಕಾದ ಕಾಂಕ್ರೀಟಿನ ಹೊದಿಕೆ ಸಾಮಾನ್ಯವಾಗಿ 20 ಮಿಲಿಮೀಟರು. ಅವಸರದ ಕಟ್ಟಡಗಳಲ್ಲಿ ಅಷ್ಟೂ ಇರುವುದಿಲ್ಲ.

ಇದಕ್ಕೆ ನಮ್ಮ ಬಿಸಿಲಿನ ಸಹಾಯವೂ ಉಂಟು. ಹತ್ತು ಮೀಟರು ಉದ್ದದ ಮಾಳಿಗೆಯು ಹಗಲಿಗೂ ರಾತ್ರಿಗೂ 25 ಡಿಗ್ರಿಯ ಅಂತರವಾದರೆ ಸುಮಾರು ಎರಡೂವರೆ ಮಿಲಿಮೀಟರು ಹಿಗ್ಗಿ ಕುಗ್ಗುತ್ತದೆ. ಬೇಸಗೆಯುದ್ದಕ್ಕೂ ದಿನಂಪ್ರತಿ ನಡೆಯುವ ಈ ವ್ಯಾಯಾಮದಿಂದ ಕೂದಲೆಳೆಯ ಬಿರುಕುಗಳು ಬಾಯ್ದೆರೆದು ಮಳೆಗೆ ದಾರಿ ಮಾಡಿಕೊಡುತ್ತವೆ.

ಹಳೆಯ ಬಡಾವಣೆಗಳ ಮನೆಗಳ ಬಗೆ ಬೇರೆ. ಅಲ್ಲಿ ಉಕ್ಕಿನ ತೊಲೆಗಳ ನಡುವೆ ಇಟ್ಟಿಗೆಯ ಕಮಾನು ಕಟ್ಟಿ ಗಚ್ಚು ಹಾಕಿದ್ದುಂಟು. ನಮ್ಮ ಕಲಬುರಗಿ ಜಿಲ್ಲೆಯ ಶಹಾಬಾದಿನ ಕಲ್ಲುಚಪ್ಪಡಿಗಳನ್ನೇ ತೊಲೆಯಿಂದ ತೊಲೆಗೆ ಹಾಸಿದ್ದೂ ಉಂಟು. ಗಚ್ಚು ಉಸಿರಾಡುವ ವಸ್ತು. ಅದರ ಮೇಲೆ ಸಿಮೆಂಟು ಬಳಿದರೆ ಒಳಗಿನ ತೇವ ಹೊರಬರಲಾರದೆ ತೊಲೆಯನ್ನು ತಿನ್ನುತ್ತದೆ. ರೋಗವನ್ನು ತಿಳಿಯದೆ ಮದ್ದು ಕೊಡುವವನಿಂದ ರೋಗಿಗೆ ಎಷ್ಟು ಕೇಡೋ, ಮನೆಗೂ ಅಷ್ಟೇ.

ನಗರದ ಅನುಭವ

ವರ್ಷದ ಮಳೆ ಕಡಮೆಯೆಂಬ ಧೈರ್ಯಕ್ಕೆ ಈ ನಗರದ ಚರಿತ್ರೆಯಲ್ಲಿ ಆಧಾರವಿಲ್ಲ. ಇಲ್ಲಿನ ಮಳೆ ಮಿತವಾದರೂ ಬರುವಾಗ ಒಮ್ಮೆಗೇ ಬರುವುದುಂಟು. 1908ರ ಸೆಪ್ಟೆಂಬರಿನ ಮೂಸಿ ನದಿಯ ಮಹಾಪೂರದ ಬಳಿಕ ನಿಜಾಮ ಸರಕಾರವು ನಮ್ಮ ವಿಶ್ವೇಶ್ವರಯ್ಯನವರನ್ನು ಬರಮಾಡಿಕೊಂಡಿತು. ಅವರು ಜಲಾನಯನ ಪ್ರದೇಶವನ್ನೂ ಮಳೆಯ ಲೆಕ್ಕವನ್ನೂ ಪರಿಶೀಲಿಸಿದ ನಂತರವೇ ಜಲಾಶಯಗಳ ಸಲಹೆ ಕೊಟ್ಟರು. ಮೊದಲು ಪರೀಕ್ಷೆ, ಬಳಿಕ ಪರಿಹಾರ ಎಂಬ ಆ ಕ್ರಮವು ಅಣೆಕಟ್ಟಿಗೆ ಹೇಗೋ ಅಡಿಗೆಮನೆಯ ಮಾಳಿಗೆಗೂ ಹಾಗೆಯೇ ಸಲ್ಲುವುದು.

2000ದ ಆಗಸ್ಟ್ 24ರಂದು ಒಂದೇ ದಿನದ ಲೆಕ್ಕದಲ್ಲಿ ಇಲ್ಲಿ ಸುಮಾರು 24 ಸೆಂಟಿಮೀಟರು ಮಳೆ ದಾಖಲಾಯಿತು. 2020ರ ಅಕ್ಟೋಬರ್ 13ರಂದು ಸುಮಾರು 19 ಸೆಂಟಿಮೀಟರು ಸುರಿಯಿತು. ಆ ರಾತ್ರಿ ಬಂಡ್ಲಗೂಡದ ಕಡೆ ಆವರಣದ ಗೋಡೆಯೊಂದು ಮನೆಗಳ ಮೇಲೆ ಕುಸಿದು, ಹಸುಗೂಸೂ ಸೇರಿದಂತೆ ಹಲವರು ಮಡಿದರು. ಹೋಟೆಲು ವೃತ್ತಿಯವರಾದ ನಮ್ಮ ಮನಸ್ಸಿನಿಂದ ಮಾಸದ ಘಟನೆಯೆಂದರೆ 2013ರ ಜುಲೈ 8ರದು. ಅಂದು ಬೆಳಗ್ಗೆ ಸಿಕಂದರಾಬಾದಿನಲ್ಲಿ ಹೋಟೆಲಿದ್ದ ಒಂದು ಹಳೆಯ ಕಟ್ಟಡವು ಕುಸಿದು ಹತ್ತಕ್ಕೂ ಹೆಚ್ಚು ಜನ ಅಸುನೀಗಿದರು. ಚಹಾ ಕುಡಿಯಲು ಬಂದವನಿಗೆ ಮೇಲೆ ನೋಡುವ ಹೊಣೆಯಿಲ್ಲ. ಅದು ಕಟ್ಟಡವನ್ನು ನಡೆಸುವವನ ಹೊಣೆ.

ಖಾಸಗಿ ಮನೆಗಳ ಮಾತಿರಲಿ, ನಗರದ ಹೆಮ್ಮೆಗಳಿಗೂ ಕಾಲವು ರಿಯಾಯಿತಿ ತೋರಿಸಿಲ್ಲ. 2019ರ ಮೇ ತಿಂಗಳಲ್ಲಿ ಚಾರ್‌ಮಿನಾರಿನ ಒಂದು ಮಿನಾರಿನಿಂದ ಗಾರೆಯ ಅಲಂಕಾರದ ತುಂಡು ಕಳಚಿ ಬಿದ್ದಿತು. ಉಸ್ಮಾನಿಯಾ ಆಸ್ಪತ್ರೆಯ ಭವ್ಯವಾದ ಹಳೆಯ ಕಟ್ಟಡವನ್ನು 2020ರ ಜುಲೈಯಲ್ಲಿ, ಮಳೆಯ ನೀರು ನುಗ್ಗಿದ ಮೇಲೆ, ರೋಗಿಗಳಿಂದ ತೆರವು ಮಾಡಬೇಕಾಯಿತು.

ಹಿಮದ ನಾಡಿನ ಪದ್ಧತಿ

ಸೂರಿನ ಪರೀಕ್ಷೆಯನ್ನೇ ಒಂದು ವೃತ್ತಿಯಾಗಿ ಬೆಳೆಸಿದವರು ಹಿಮದ ನಾಡಿನವರು. ಇಂದು ಟೊರಾಂಟೊದಲ್ಲಿಯೂ ಮಿನಿಯಾಪೊಲಿಸಿನಲ್ಲಿಯೂ ಕನ್ನಡ ಕುಟುಂಬಗಳಿವೆ. ಅಲ್ಲಿ ಮನೆ ಕೊಳ್ಳುವವರು ತಿಳಿದ ಪರೀಕ್ಷಕರಿಂದ ಸೂರನ್ನು ನೋಡಿಸುವುದು ಸಾಮಾನ್ಯ ಪದ್ಧತಿ. ಹಿಮ ಬೀಳುವ ಮೊದಲೇ, ಶರತ್ಕಾಲದಲ್ಲಿ, ಮತ್ತೊಮ್ಮೆ ನೋಡಿಸುವವರೂ ಉಂಟು. ಅಲ್ಲಿನ ಶತ್ರುವಿನ ಉಪಾಯ ವಿಚಿತ್ರವಾದದ್ದು. ಮನೆಯೊಳಗಿನ ಶಾಖವು ಮೇಲಕ್ಕೆ ಸೋರಿ ಸೂರಿನ ಮೇಲಿನ ಹಿಮವನ್ನು ಕರಗಿಸುತ್ತದೆ. ಆ ನೀರು ಇಳಿದು ಬಂದು ತಣ್ಣಗಿರುವ ಚಾವಣಿಯಂಚಿನಲ್ಲಿ ಮತ್ತೆ ಹೆಪ್ಪುಗಟ್ಟಿ ಮಂಜುಗಡ್ಡೆಯ ಒಡ್ಡಾಗುತ್ತದೆ. ಹಿಂದೆ ನಿಂತ ನೀರು ಹೊದಿಕೆಯ ಸಂದುಗಳಲ್ಲಿ ನುಸುಳಿ ಮನೆಯೊಳಗೆ ಇಳಿಯುತ್ತದೆ. ಆದಕಾರಣ ಅಲ್ಲಿನ ಪರೀಕ್ಷಕನು ಹೊದಿಕೆಯನ್ನು ಮಾತ್ರವಲ್ಲ, ಅಟ್ಟದೊಳಗೆ ಹೊಕ್ಕು ಶಾಖ ಎಲ್ಲಿ ಸೋರುತ್ತಿದೆಯೆಂಬುದನ್ನೂ ನೋಡುತ್ತಾನೆ.

ನಮಗೆ ಹಿಮವಿಲ್ಲ, ಆದರೆ ನಿಂತ ನೀರಿನ ಭಾರವುಂಟು. ಒಂದು ಚದರ ಮೀಟರಿನ ಮೇಲೆ ಒಂದು ಸೆಂಟಿಮೀಟರು ನೀರು ನಿಂತರೆ ಹತ್ತು ಕಿಲೋ. 1200 ಚದರಡಿಯ ಮಾಳಿಗೆಯ ಕೊಳವೆ ಕಟ್ಟಿಕೊಂಡು ಹತ್ತು ಸೆಂಟಿಮೀಟರು ನೀರು ನಿಂತಿತೆನ್ನಿ, ಮನೆಯವರು ನಿದ್ರಿಸುತ್ತಿರುವಾಗ ಅವರ ತಲೆಯ ಮೇಲೆ ಹನ್ನೊಂದು ಟನ್ನು ಬಂದು ಕುಳಿತಂತಾಯಿತು. ಓಡಾಡುವ ಮಾಳಿಗೆಗೆ ಲೆಕ್ಕದಲ್ಲಿ ಹಿಡಿಯುವ ಚಲಭಾರವು ಚದರ ಮೀಟರಿಗೆ ಸುಮಾರು 150 ಕಿಲೋ ಮಾತ್ರ. ಮಣ್ಣು ತುಂಬಿದ ಕೈತೋಟವನ್ನೋ ನೀರಿನ ತೊಟ್ಟಿಯನ್ನೋ ಕೇಳದೆ ಏರಿಸುವವರು ಈ ಅಂಕಿಯನ್ನು ನೆನೆಯಬೇಕು.

ಪರೀಕ್ಷೆ ಹೇಗಿರಬೇಕು?

ಮನೆಯವರು ತಾವೇ ನೋಡಬಹುದಾದದ್ದು ಬಹಳವಿದೆ. ಕೊಳವೆಯ ಬಾಯಿ ತೆರವಾಗಿದೆಯೇ, ಮಳೆ ನಿಂತ ಮರುದಿನವೂ ನೀರು ಎಲ್ಲಿ ನಿಂತಿದೆ, ಕಟ್ಟೆಗೋಡೆಯ ಬುಡದಲ್ಲಿ ಬಿರುಕಿದೆಯೇ, ಆಲವೋ ಅರಳಿಯೋ ಸಸಿ ಬೇರೂರಿದೆಯೇ, ಒಳಗೆ ಕಂದು ಕಲೆಯೋ ಸರಳಿನ ಗುಂಟ ನೇರವಾದ ಬಿರುಕೋ ಇದೆಯೇ — ಇವನ್ನು ನೋಡಲು ವಿದ್ಯೆ ಬೇಡ, ಅರ್ಧ ಗಂಟೆಯ ಬಿಡುವು ಸಾಕು.

ಇವುಗಳಲ್ಲಿ ಒಂದು ಕಂಡರೂ, ಅಥವಾ ಕಟ್ಟಡವು ಮೂವತ್ತು ವರ್ಷ ದಾಟಿದ್ದರೂ, ಕಟ್ಟಡರಚನೆಯ ಇಂಜಿನಿಯರನನ್ನು ಕರೆಯತಕ್ಕದ್ದು. ಆತನು ಸುತ್ತಿಗೆಯಿಂದ ತಟ್ಟಿ ಟೊಳ್ಳನ್ನು ಗುರುತಿಸುವನು. ನಮ್ಮೂರಿನ ಹಂಚು ತಟ್ಟುವವನ ವಿದ್ಯೆಯೇ ಇದು. ಪುಟಿಯುವ ಸುತ್ತಿಗೆಯ ಯಂತ್ರದಿಂದ ಕಾಂಕ್ರೀಟಿನ ಗಡಸುತನವನ್ನೂ, ವಿದ್ಯುತ್ತಿನ ಅಳತೆಯಿಂದ ಸರಳಿನ ತುಕ್ಕಿನ ಸಂಭವವನ್ನೂ ಅಂದಾಜು ಮಾಡುವನು. ನೀರು ಕಟ್ಟಿ ನಿಲ್ಲಿಸಿ ಸೋರಿಕೆಯನ್ನು ಹುಡುಕುವ ಕ್ರಮವೊಂದಿದೆ. ಆದರೆ ಶಿಥಿಲ ಮಾಳಿಗೆಯ ಮೇಲೆ ಇದನ್ನು ಸ್ವಂತ ಬುದ್ಧಿಯಿಂದ ಮಾಡಿದರೆ ಪರೀಕ್ಷೆಯೇ ಅಪಘಾತವಾದೀತು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಉಚಿತವಾಗಿ ನೋಡಿಕೊಡುತ್ತೇವೆಂದು ಬಣ್ಣ ಮಾರುವವರು ಬಾಗಿಲಿಗೆ ಬರುತ್ತಾರೆ. ಅವರ ಕಣ್ಣಿಗೆ ಎಲ್ಲ ರೋಗಕ್ಕೂ ಅವರ ಡಬ್ಬಿಯೇ ಮದ್ದು. ನೋಡುವವನು ಬೇರೆ, ದುರಸ್ತಿ ಮಾಡುವವನು ಬೇರೆ ಇರುವುದೇ ಕ್ಷೇಮ. ಬರವಣಿಗೆಯಲ್ಲಿ ವರದಿ ಪಡೆಯಿರಿ. ದುರಸ್ತಿಯ ಬಳಿಕ ಅದೇ ಇಂಜಿನಿಯರನಿಗೆ ಮತ್ತೊಮ್ಮೆ ತೋರಿಸಿರಿ.

ಖರ್ಚು ಯಾರದು?

ಕೆಲಸ ನಿಲ್ಲುವುದು ಸಾಮಾನ್ಯವಾಗಿ ಇಲ್ಲಿಯೇ. ಮಾಲೀಕನು ಬಾಡಿಗೆ ಸಾಲದೆನ್ನುತ್ತಾನೆ. ಬಾಡಿಗೆದಾರನು ಮನೆ ತನ್ನದಲ್ಲವೆನ್ನುತ್ತಾನೆ. ಅನೇಕ ಕುಟುಂಬಗಳಿರುವ ಅಪಾರ್ಟ್‌ಮೆಂಟುಗಳಲ್ಲಿ, ಸೋರುವುದು ಮೇಲಂತಸ್ತಿನವನ ಮನೆ ತಾನೆ, ಅವನೇ ನೋಡಿಕೊಳ್ಳಲಿ ಎಂದು ಕೆಳಗಿನವರು ಸುಮ್ಮನಿರುತ್ತಾರೆ. ಆದರೆ ಮಾಳಿಗೆ ಎಲ್ಲರದು; ತುಕ್ಕು ಹಿಡಿಯುವ ಸರಳು ಎಲ್ಲರ ಮನೆಯನ್ನೂ ಹೊತ್ತ ಚೌಕಟ್ಟಿಗೆ ಸೇರಿದ್ದು. ಕುಸಿಯುವ ಕಟ್ಟಡವು ಮಾಲೀಕನಾರು, ಬಾಡಿಗೆದಾರನಾರು ಎಂದು ವಿಚಾರಿಸುವುದಿಲ್ಲ. 1955ರ ಮುನಿಸಿಪಲ್ ಕಾರ್ಪೊರೇಷನ್ ಕಾಯಿದೆಯು ಶಿಥಿಲ ಕಟ್ಟಡಗಳನ್ನು ದುರಸ್ತಿ ಮಾಡಿಸಲು ಅಥವಾ ಕೆಡವಿಸಲು ಅಧಿಕಾರಿಗಳಿಗೆ ಅಧಿಕಾರ ಕೊಟ್ಟಿದೆ, ನಿಜ. ಆದರೆ ನೋಟೀಸು ಬರುವವರೆಗೆ ಕಾಯುವ ಮನೆ, ನೋಟೀಸು ಬರುವ ವೇಳೆಗೆ ದುರಸ್ತಿಯ ಎಲ್ಲೆಯನ್ನು ದಾಟಿರುವುದೇ ಹೆಚ್ಚು.

ಈ ನಗರದಲ್ಲಿ ನಮ್ಮವರು ಕಾಚಿಗುಡದಲ್ಲಿ ಶಾಲೆಯನ್ನು ಕಟ್ಟಿದರು, ಸಾಹಿತ್ಯಕ್ಕೊಂದು ಮಂದಿರವನ್ನು ಕಟ್ಟಿದರು, ಬೀದಿಬೀದಿಗೆ ಹೋಟೆಲುಗಳನ್ನು ಕಟ್ಟಿದರು. ಕಟ್ಟಿದ್ದನ್ನು ವರ್ಷಕ್ಕೊಮ್ಮೆ ತಟ್ಟಿ ನೋಡುವ ಪದ್ಧತಿಯನ್ನು ಮಾತ್ರ ಊರಿನಲ್ಲಿಯೇ ಬಿಟ್ಟು ಬಂದೆವು. ಈಗಲಾದರೂ ಅದನ್ನು ತರಿಸಿಕೊಳ್ಳೋಣ. ಮುಂದಿನ ಭಾನುವಾರ ಕಾಫಿ ಕುಡಿದ ಮೇಲೆ ವಾಚಕರು ಒಮ್ಮೆ ಮಾಳಿಗೆಯನ್ನು ಹತ್ತಲಿ. ಕೊಳವೆಯ ಬಾಯಿಗೆ ಕೈಯಿಟ್ಟು ನೋಡಲಿ. ಮನೆಯ ಆಳೋ ಅಡಿಗೆಯವರೋ ಟೊಳ್ಳು ಸದ್ದು ಬರುತ್ತಿದೆಯೆಂದರೆ, ಹಬ್ಬ ಕಳೆಯಲಿ ಎಂದು ಮಾತ್ರ ಹೇಳದಿರಲಿ. ನಾವು ಹಾಗೆ ಹೇಳಿದ್ದೆವು.