ಹುಲಿ ತೋರಿಸುವವರ ಮಳೆಗಾಲ

ಜೂನ್ 30ರ ಸಂಜೆ ಕೊನೆಯ ಸಫಾರಿ ಜೀಪು ಹೊರಬಂದ ಮೇಲೆ ಕಾನ್ಹಾ, ಬಾಂಧವಗಢ, ಪೆಂಚ್, ಪನ್ನಾ, ಸಾತ್ಪುರಗಳ ಒಳಗಾಡಿಗೆ ಬೀಗ ಬೀಳುತ್ತದೆ. ಮಹಾರಾಷ್ಟ್ರದ ತಾಡೋಬಾದಲ್ಲೂ ಇದೇ ಕ್ರಮ. ಮತ್ತೆ ಗೇಟು ತೆರೆಯುವುದು ಅಕ್ಟೋಬರ್ 1ರ ಬೆಳಿಗ್ಗೆ. ಹುಲಿಗಳು ಮರಿ ಹಾಕುವ ಕಾಲವೆಂದು ಈ ರಜೆ ಎನ್ನುವ ನಂಬಿಕೆ ಪ್ರವಾಸಿಗರಲ್ಲಿ ಗಟ್ಟಿಯಾಗಿದೆ. ಹುಲಿಗೆ ಅಂಥ ನಿಗದಿತ ಋತುವಿಲ್ಲ. ವರ್ಷದ ಯಾವ ತಿಂಗಳಲ್ಲಾದರೂ ಅದು ಮರಿ ಹಾಕೀತು. ಕಾರಣ ಅದಕ್ಕಿಂತ ಸರಳ. ಮಣ್ಣಿನ ದಾರಿಗಳು ಕೊಚ್ಚಿಹೋಗುತ್ತವೆ, ಹಳ್ಳಗಳು ತುಂಬಿ ಹರಿಯುತ್ತವೆ, ಆಳೆತ್ತರದ ಹುಲ್ಲಿನಲ್ಲಿ ಕಾಟಿ ನಿಂತಿದ್ದರೂ ಕಾಣುವುದಿಲ್ಲ.

ಹೀಗೆ ಮೂರು ತಿಂಗಳು ಕೆಲಸ ನಿಂತಾಗ ಕಾಡಂಚಿನ ಲಾಡ್ಜುಗಳ ಸಿಬ್ಬಂದಿ ಏನು ಮಾಡುತ್ತಾರೆ? ಒಂಬತ್ತು ತಿಂಗಳು ಊರವರಿಗೆಲ್ಲ ಕಾಡು ತೋರಿಸಿದವರು ಈಗ ತಾವೇ ಚೀಲ ಕಟ್ಟುತ್ತಾರೆ. ಹೋಗುವುದು ಬಹುಪಾಲು ಇನ್ನೊಂದು ಕಾಡಿಗೆ, ಇಲ್ಲವೇ ಇನ್ನೊಬ್ಬರ ಅಡುಗೆಮನೆಗೆ.

ಎಲ್ಲರೂ ಅಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ಸಫಾರಿ ಜೀಪಿನಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಜನ ಇರುತ್ತಾರೆ: ಚಾಲಕ, ಅರಣ್ಯ ಇಲಾಖೆ ನೇಮಿಸಿದ ಸ್ಥಳೀಯ ಗೈಡ್, ಲಾಡ್ಜಿನವರು ಕಳಿಸಿದ ನ್ಯಾಚುರಲಿಸ್ಟ್. ಮೊದಲಿಬ್ಬರ ದುಡಿಮೆ ಸಫಾರಿ ಓಡಿದರೆ ಮಾತ್ರ. ಗೋಂಡ, ಬೈಗಾ ಹಳ್ಳಿಗಳಿಂದ ಬರುವ ಇವರಿಗೆ ಜುಲೈ ಎಂದರೆ ಭತ್ತದ ನಾಟಿ, ಗದ್ದೆ ಕೆಸರು, ಎತ್ತಿನ ಹಿಂದೆ ನಡಿಗೆ. ಲಾಡ್ಜಿನ ಅಡುಗೆಯವರಲ್ಲೂ, ಕೋಣೆ ಸಾರಿಸುವವರಲ್ಲೂ ಹಲವರದು ಇದೇ ಕಥೆ. ತಿರುಗಾಟದ ಭಾಗ್ಯ ಇರುವುದು ತಿಂಗಳ ಸಂಬಳದ ನ್ಯಾಚುರಲಿಸ್ಟರಿಗೆ, ಬಾಣಸಿಗರಿಗೆ, ವ್ಯವಸ್ಥಾಪಕರಿಗೆ. ಕೆಲವು ಲಾಡ್ಜುಗಳು ತಾವೇ ಖರ್ಚು ಹಾಕಿ ಸಿಬ್ಬಂದಿಯನ್ನು ಒಟ್ಟಾಗಿ ಕರೆದೊಯ್ಯುವುದೂ ಉಂಟು.

ಈ ವೃತ್ತಿಗೇ ಬಹಳ ವಯಸ್ಸಾಗಿಲ್ಲ. ಕರ್ನಾಟಕ ಸರ್ಕಾರ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಸಂಸ್ಥೆಯನ್ನು ಕಟ್ಟಿದ್ದು 1980ರಲ್ಲಿ, ನೇಪಾಳದ ಚಿತ್ವನ್‌ನಲ್ಲಿ ಹೆಸರು ಮಾಡಿದ್ದ ಟೈಗರ್ ಟಾಪ್ಸ್ ಜೊತೆಗೂಡಿ. ಕಬಿನಿ ದಂಡೆಯ ಆ ಮೊದಲ ಲಾಡ್ಜಿನಲ್ಲಿ ದಶಕಗಳ ಕಾಲ ಅತಿಥಿಗಳನ್ನು ಎದುರುಗೊಂಡವರು ಕರ್ನಲ್ ಜಾನ್ ವೇಕ್‌ಫೀಲ್ಡ್. ಕಾನ್ಹಾದ ಅಂಚಿನಲ್ಲಿ ಬಾಬ್ ಮತ್ತು ಆನ್ ರೈಟ್ ದಂಪತಿ ಕಿಪ್ಲಿಂಗ್ ಕ್ಯಾಂಪ್ ತೆರೆದದ್ದು 1982ರಲ್ಲಿ. ಆನ್ ರೈಟ್ ಅವರು ಹುಲಿ ಯೋಜನೆಗೆ ದಾರಿ ಮಾಡಿಕೊಟ್ಟ ಕಾರ್ಯಪಡೆಯಲ್ಲಿ ಇದ್ದವರು. 2006ರಲ್ಲಿ ತಾಜ್ ಹೋಟೆಲಿನವರು ಆಫ್ರಿಕಾದ ಸಫಾರಿ ಕಂಪನಿಯೊಂದರ ಜೊತೆ ಸೇರಿ ಮಧ್ಯಪ್ರದೇಶಕ್ಕೆ ಬಂದ ಮೇಲೆ ನ್ಯಾಚುರಲಿಸ್ಟ್ ಎಂಬ ಹುದ್ದೆಗೆ ತರಬೇತಿ, ಸಮವಸ್ತ್ರ, ದುರ್ಬೀನು ಎಲ್ಲವೂ ಬಂದವು. ಹುಲಿ ಎಲ್ಲಿದೆ ಎಂದು ಊಹಿಸುವುದರ ಜೊತೆಗೆ ಗೆದ್ದಲು ಹುತ್ತದಿಂದ ಹಿಡಿದು ಮಹುವಾ ಹೂವಿನವರೆಗೆ ಕಥೆ ಹೇಳಬಲ್ಲವರು ಬೇಕಾದರು. ಆ ಕಥೆಗಳನ್ನು ಸಂಪಾದಿಸುವ ಕಾಲ ಮಳೆಗಾಲ.

ಬಯಲು ಕಾಡಿನವರನ್ನು ಮಳೆಯಲ್ಲಿ ಎಳೆಯುವುದು ಪಶ್ಚಿಮ ಘಟ್ಟ. ಬೆಳಗಾವಿಯಿಂದ ಎರಡು ತಾಸಿನ ದಾರಿಯಲ್ಲಿರುವ ಅಂಬೋಲಿ ಈಗ ಕಪ್ಪೆ, ಹಾವು ಹುಡುಕುವವರ ತೀರ್ಥ. ಅಲ್ಲಿನ ಜಂಬಿಟ್ಟಿಗೆ ಬಯಲಿನಲ್ಲಿ ಮೊದಲ ಮಳೆಗೆ ಕೆಲವೇ ದಿನ ಹೊರಬಂದು ಜೊತೆಗೂಡುವ ಪುಟ್ಟ ನೆಲಗಪ್ಪೆಯೊಂದಿದೆ. ಪಕ್ಕೆಯ ಮೇಲಿನ ಹಳದಿ, ಕಪ್ಪು ಪಟ್ಟೆಗಳಿಂದಾಗಿ 2009ರಲ್ಲಿ ವಿಜ್ಞಾನಿಗಳು ಅದಕ್ಕೆ ಹುಲಿಯ ಹೆಸರನ್ನೇ ಇಟ್ಟರು. ವರ್ಷವೆಲ್ಲ ದೊಡ್ಡ ಹುಲಿಯ ಹಿಂದೆ ಓಡಿದವರು ಹೆಬ್ಬೆರಳಿನಷ್ಟು ಹುಲಿಗಾಗಿ ಟಾರ್ಚು ಹಿಡಿದು ಬಂಡೆಯ ಮೇಲೆ ಬೋರಲು ಮಲಗುವುದನ್ನು ಕಂಡರೆ ನಗು ಬಂದೀತು. ಆದರೆ ಅವರ ಮುಖದಲ್ಲಿ ಸಫಾರಿಯ ಆತಂಕ ಇರುವುದಿಲ್ಲ. ಅತಿಥಿಗೆ ಹುಲಿ ಕಾಣದಿದ್ದರೆ ಎಂಬ ಚಿಂತೆ ಇಲ್ಲ, ಗೇಟು ಮುಚ್ಚುವ ಹೊತ್ತಾಯಿತೆಂಬ ಅವಸರ ಇಲ್ಲ. ನಡೆಯಬಹುದು, ಕೂರಬಹುದು, ಒಂದು ಎಲೆಯ ಮುಂದೆ ಅರ್ಧ ಗಂಟೆ ಕಳೆಯಬಹುದು. ಜೀಪಿನಿಂದ ಕೆಳಗಿಳಿಯಲು ಅವಕಾಶವೇ ಇಲ್ಲದ ಹುಲಿಕಾಡಿನವರಿಗೆ ಕಾಲು ನೆಲಕ್ಕೆ ತಾಗುವುದೇ ದೊಡ್ಡ ಸುಖ.

ಅಲ್ಲಿಂದ ದಕ್ಷಿಣಕ್ಕೆ ಇಳಿದರೆ ಉತ್ತರ ಕನ್ನಡದ ಕತ್ತಲೆಕಾನು. ಹಳ್ಳದ ಬದಿಯ ಕುಂಬಾರ ಕಪ್ಪೆಯನ್ನು ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಲೋಕಕ್ಕೆ ಪರಿಚಯಿಸಿದರು. ಗಂಡು ಕಪ್ಪೆ ಹಿಂಗಾಲುಗಳ ಮೇಲೆ ನಿಂತು, ಮುಂಗೈಯಲ್ಲಿ ಕೆಸರು ತೆಗೆದು, ಮೊಟ್ಟೆಗಳಿಗೆ ಮೆತ್ತುತ್ತದೆ. ಹೆಣ್ಣು ಮೊಟ್ಟೆಯಿಟ್ಟು ಹೊರಟುಹೋಗಿರುತ್ತದೆ. ಗಿಲಾವಿನ ಕೆಲಸವೆಲ್ಲ ಅಪ್ಪನದೇ. ಮಲಬಾರ್ ಹಾರುಗಪ್ಪೆಗಳದು ಇನ್ನೊಂದು ಜಾಣತನ. ನೀರಿನ ಮೇಲೆ ಬಾಗಿದ ಕೊಂಬೆಯಲ್ಲಿ ನೊರೆಯ ಗೂಡು ಕಟ್ಟುತ್ತವೆ, ಮರಿಗಳು ಅಲ್ಲಿಂದ ನೇರ ಕೆಳಗಿನ ಹೊಂಡಕ್ಕೆ ಬೀಳುತ್ತವೆ. ಇವೆಲ್ಲ ಮಳೆಯ ತಿಂಗಳುಗಳ ಆಟ. ಚಳಿಗಾಲದಲ್ಲಿ ಬರುವ ಪ್ರವಾಸಿಗೆ ಇದರಲ್ಲಿ ಏನೂ ಸಿಗದು.

ಇನ್ನು ಆಗುಂಬೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಈ ಊರಿನಲ್ಲಿ ಉರಗತಜ್ಞ ರೋಮುಲಸ್ ವಿಟೇಕರ್ 2005ರಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ತೆರೆದರು. ಕಾಳಿಂಗ ಸರ್ಪದ ದೇಹದೊಳಗೆ ರೇಡಿಯೊ ಟ್ರಾನ್ಸ್‌ಮಿಟರ್ ಇಟ್ಟು ಅದರ ಓಡಾಟವನ್ನು ಬೆನ್ನುಹತ್ತಿದ ಅಧ್ಯಯನ ನಡೆದದ್ದು ಇಲ್ಲಿಯೇ. ಪಿ. ಗೌರಿ ಶಂಕರ್ ಮತ್ತು ಜೊತೆಗಾರರು 2024ರಲ್ಲಿ, ಎಲ್ಲೆಡೆಯ ಕಾಳಿಂಗ ಒಂದೇ ಅಲ್ಲ, ನಾಲ್ಕು ಪ್ರಭೇದಗಳಿವೆ ಎಂದು ತೋರಿಸಿದರು. ಪಶ್ಚಿಮ ಘಟ್ಟದ್ದಕ್ಕೆ ಇಟ್ಟ ವೈಜ್ಞಾನಿಕ ಹೆಸರಿನಲ್ಲಿ ಕನ್ನಡದ ಕಾಳಿಂಗವೇ ಕೂತಿದೆ. ಕಾಡಿನ ಕಥೆ ಹೇಳಿ ಬದುಕುವವರಿಗೆ ಇಂಥ ಸಂಗತಿ ಬಂಡವಾಳ. ಅದಕ್ಕೆ ತೆರುವ ಸುಂಕ ಉಂಬಳಗಳಿಗೆ ರಕ್ತ. ಸುಣ್ಣ, ತಂಬಾಕು, ಉಪ್ಪು ಎಂದು ಮಲೆನಾಡಿನವರು ಹೇಳುವ ಉಪಾಯಗಳನ್ನೆಲ್ಲ ಮಾಡಿದರೂ ಸಂಜೆ ಕಾಲುಚೀಲ ಬಿಚ್ಚಿದಾಗ ಒಂದಾದರೂ ಒಳಗೆ ಇದ್ದೇ ಇರುತ್ತದೆ.

ಇಲ್ಲಿ ಒಂದು ತಮಾಷೆಯ ಅದಲುಬದಲು ನಡೆಯುತ್ತದೆ. ಮಧ್ಯ ಭಾರತದ ನ್ಯಾಚುರಲಿಸ್ಟರು ಘಟ್ಟಕ್ಕೆ ಬಂದಿರುವಾಗ, ಒಂಬತ್ತು ಬಣ್ಣದ ನವರಂಗ ಹಕ್ಕಿ ಅವರ ಖಾಲಿ ಕಾಡಿನಲ್ಲಿ ಗೂಡು ಕಟ್ಟುತ್ತಿರುತ್ತದೆ. ಅವರು ಅಕ್ಟೋಬರ್‌ಗೆ ಮರಳುವ ಹೊತ್ತಿಗೆ ಅದು ದಕ್ಷಿಣಕ್ಕೆ ಹೊರಟಿರುತ್ತದೆ. ಬೆಂಗಳೂರಿನ ತೋಟಗಳಲ್ಲೂ ಕೆಲವೊಮ್ಮೆ ಸುಸ್ತಾಗಿ ಇಳಿಯುತ್ತದೆ.

ಬಾಣಸಿಗರ ನಕ್ಷೆ ಬೇರೆ. ಅವರಿಗೆ ಛತ್ತೀಸಗಢದ ಬಸ್ತರ್ ದೂರವಲ್ಲ. ಜೂನ್ ಕೊನೆಗೆ ಮಳೆ ಬಿದ್ದು, ಗುಡುಗು ಹೊಡೆದ ಮೇಲೆ, ಸಾಲ ಮರಗಳ ಬುಡದ ಮಣ್ಣಿನಲ್ಲಿ ಗೋಲಿಯಂಥ ಅಣಬೆ ಏಳುತ್ತದೆ. ಬಸ್ತರಿನಲ್ಲಿ ಬೋಡಾ, ಜಾರ್ಖಂಡಿನಲ್ಲಿ ರುಗ್ಡಾ. ಸಾಲ ಮರದ ಬೇರಿನೊಂದಿಗೆ ಹೆಣೆದುಕೊಂಡೇ ಬದುಕುವುದರಿಂದ ಇದನ್ನು ಬೆಳೆಸುವ ವಿದ್ಯೆ ಯಾರಿಗೂ ಕೈಹತ್ತಿಲ್ಲ. ಕಾಡಿನಲ್ಲಿ ಕೆದಕಿಯೇ ತರಬೇಕು. ಎಳೆಯದಿದ್ದಾಗ ಒಳಗೆ ಬಿಳಿ, ಬಲಿತರೆ ಕಪ್ಪು. ಹೊಸ ಬೋಡಾ ಸಂತೆಗೆ ಬಂದ ದಿನ ಕೋಳಿಮಾಂಸಕ್ಕಿಂತ ಅದಕ್ಕೇ ಬೆಲೆ ಹೆಚ್ಚು. ಬೇಳೆಯಂತೆ ತೊಳೆದು, ಬೆಳ್ಳುಳ್ಳಿ ಮೆಣಸಿನಕಾಯಿಯ ಮಸಾಲೆಯಲ್ಲಿ ಬೇಯಿಸಿದರೆ ಹಲ್ಲಿಗೆ ಸಿಕ್ಕು ಪಟ್ಟೆಂದು ಒಡೆಯುತ್ತದೆ. ಸಾಗುವಾನಿಯ ಕಾಡಿರುವ ಪೆಂಚ್‌ನಿಂದ ಬಂದ ಅಡುಗೆಯವರಿಗೆ ಇದು ಹೊಸದು. ಸಾಲಕಾಡಿನ ನಡುವೆಯೇ ಇರುವ ಕಾನ್ಹಾದವರಿಗೆ ಅದು ಮನೆಯಂಗಳದ್ದು, ಆದರೆ ಅವರ ಬಫೆಗೆ ಬಂದದ್ದಲ್ಲ.

ಬಸ್ತರಿಗೆ ಹೋದವರು ಕಾಂಗೇರ್ ಕಣಿವೆಯ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿ ಮನುಷ್ಯರ ದನಿ ಅನುಕರಿಸುವ ಬೆಟ್ಟದ ಮೈನಾಕ್ಕಾಗಿ ಕಿವಿ ನಿಮಿರಿಸುತ್ತಾರೆ. ಅದು ಛತ್ತೀಸಗಢದ ರಾಜ್ಯಪಕ್ಷಿ. ಸಂತೆಯಲ್ಲಿ ಎಲೆಯ ದೊನ್ನೆಯಲ್ಲಿ ಮಾರುವ ಕೆಂಪಿರುವೆ ನೋಡುತ್ತಾರೆ. ಮೊಟ್ಟೆ ಸಮೇತ ಇರುವೆಗಳನ್ನು ಉಪ್ಪು, ಮೆಣಸಿನಕಾಯಿ, ಶುಂಠಿಯೊಂದಿಗೆ ಅರೆದರೆ ಚಾಪ್ಡಾ ಚಟ್ನಿ. ಹುಣಸೆ ಬೇಡ, ಹುಳಿಯನ್ನು ಇರುವೆಯೇ ತಂದಿರುತ್ತದೆ. ಒಡಿಶಾದ ಮಯೂರ್‌ಭಂಜ್‌ನ ಇದೇ ಬಗೆಯ ‘ಕಾಯ್’ ಎಂಬ ಇರುವೆ ಚಟ್ನಿಗೆ 2024ರ ಜನವರಿಯಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿದಾಗ ಪತ್ರಿಕೆಗಳು ಬೆರಗಿನಿಂದ ಬರೆದವು. ಮಲೆನಾಡಿನಲ್ಲಿ ಚಗಳಿ ಚಟ್ನಿ ತಿಂದು ಬೆಳೆದವರು ಬೆರಗಾಗಲಿಲ್ಲ. ಮಾವಿನ ಮರದ ಎಲೆ ಹೊಲಿದು ಗೂಡು ಮಾಡುವ ಇರುವೆ ಅಲ್ಲೂ ಇಲ್ಲೂ ಒಂದೇ.

ಹೀಗೆ ಹುಡುಕುತ್ತ ಹೋದರೆ ನೆಂಟಸ್ತನಕ್ಕೆ ಕೊನೆಯೇ ಇಲ್ಲ. ಮಳೆ ಬಿದ್ದೊಡನೆ ದಾರಿಬದಿಯಲ್ಲಿ ಮೊಳೆಯುವ ತಗಚೆ ಸೊಪ್ಪು ಛತ್ತೀಸಗಢದಲ್ಲಿ ಚರೋಟಾ ಭಾಜಿ, ತುಳುನಾಡಿನ ಆಟಿ ತಿಂಗಳಲ್ಲಿ ತಜಂಕಿನ ಪಲ್ಯ. ಕೆಸುವಿನ ಎಲೆಗೆ ನಮ್ಮವರು ಅಕ್ಕಿಹಿಟ್ಟಿನ ಮಸಾಲೆ ಸವರಿ, ಸುರುಳಿ ಸುತ್ತಿ, ಹಬೆಯಲ್ಲಿಟ್ಟು ಪತ್ರೊಡೆ ಮಾಡುತ್ತಾರೆ. ಛತ್ತೀಸಗಢದವರು ಉದ್ದಿನ ಹಿಟ್ಟು ಸವರಿ, ಬೇಯಿಸಿ, ಕತ್ತರಿಸಿ, ಮಜ್ಜಿಗೆಯ ಸಾರಿಗೆ ಬಿಟ್ಟು ಇಡಹರ್ ಎನ್ನುತ್ತಾರೆ. ಮಧ್ಯ ಭಾರತದ ಬಾಣಸಿಗ ಆಗಸ್ಟಿನಲ್ಲಿ ಕೊಡಗಿಗೆ ಬಂದರಂತೂ ಕಕ್ಕಡ ತಿಂಗಳ ಹದಿನೆಂಟನೆಯ ದಿನದ ಮದ್ದುಪಾಯಸ ಕಾದಿರುತ್ತದೆ. ಆ ದಿನ ಮದ್ದುಸೊಪ್ಪಿನಲ್ಲಿ ಹದಿನೆಂಟು ಔಷಧಿಗಳು ಸೇರಿರುತ್ತವೆಂಬ ನಂಬಿಕೆಯಿಂದ ಬೇಯಿಸಿ ಕಡುನೇರಳೆ ರಸ ತೆಗೆಯುತ್ತಾರೆ. ಮಾರನೆಯ ಬೆಳಿಗ್ಗೆ ಮೂತ್ರಕ್ಕೂ ಬಣ್ಣ ಬರುತ್ತದೆಂದು ಅತಿಥಿಗೆ ಮೊದಲೇ ಹೇಳದಿದ್ದರೆ ಗಾಬರಿ ಖಂಡಿತ.

ಮಳೆಯೇ ಬೇಡವೆನ್ನುವವರು ಲಡಾಖಿನ ಬಸ್ಸು ಹತ್ತುತ್ತಾರೆ. ಹಿಮಾಲಯದ ಮಳೆನೆರಳಿನ ಆ ನಾಡಿಗೆ ಜುಲೈ, ಆಗಸ್ಟ್ ತುಂಬಿದ ಸೀಸನ್. ಅಲ್ಲಿನ ಶಿಬಿರಗಳಲ್ಲಿ ಮೂರು ತಿಂಗಳ ಕೆಲಸವೂ ಸಿಗುತ್ತದೆ. ಸೋ ಕಾರ್ ಸರೋವರದ ಜೌಗಿನಲ್ಲಿ ಕಪ್ಪುಕೊರಳಿನ ಕೊಕ್ಕರೆಗಳು, ಊಟಕ್ಕೆ ಖಂಬೀರ್ ರೊಟ್ಟಿ, ಸ್ಕ್ಯೂ, ಮರದಿಂದಲೇ ಕಿತ್ತ ಏಪ್ರಿಕಾಟ್.

ನಮ್ಮ ಬಂಡೀಪುರ, ನಾಗರಹೊಳೆಗಳಲ್ಲಿ ಹೀಗೆ ಮಳೆಗಾಲವಿಡೀ ಬಾಗಿಲು ಹಾಕುವ ಪದ್ಧತಿ ಇಲ್ಲ. ಆದರೂ ಕಬಿನಿಯ ಹಿನ್ನೀರು ತುಂಬಿ, ಬೇಸಗೆಯಲ್ಲಿ ದಂಡೆಯ ಹುಲ್ಲಿಗೆ ಸೇರಿದ್ದ ಆನೆಗಳು ಚದುರಿದ ಮೇಲೆ ಇಲ್ಲೂ ಬಿಡುವು ಹೆಚ್ಚು. ದಾಂಡೇಲಿಯಲ್ಲಿ ರಾಫ್ಟಿಂಗ್ ನಿಲ್ಲುತ್ತದೆ, ಕಾರವಾರದ ಕಡಲ ಕ್ರೀಡೆಗಳೂ ನಿಲ್ಲುತ್ತವೆ. ಈ ನೆಲದ ನ್ಯಾಚುರಲಿಸ್ಟರ ಅನುಕೂಲ ಏನೆಂದರೆ ಘಟ್ಟ ಅವರ ಹಿತ್ತಿಲಲ್ಲೇ ಇದೆ.

ಅಡುಗೆ ಮತ್ತು ಕಾಡುಪ್ರಾಣಿ ಎರಡು ಬೇರೆ ಹವ್ಯಾಸಗಳೆಂದು ತೋರಬಹುದು. ಬಾಂಧವಗಢದ ಸಿಬ್ಬಂದಿಗೆ ಹಾಗೆ ತೋರುವುದಿಲ್ಲ. 2018ರಲ್ಲಿ ಛತ್ತೀಸಗಢದ ಕಡೆಯಿಂದ ಸುಮಾರು 40 ಕಾಡಾನೆಗಳ ಹಿಂಡು ಬಂದು ಅಲ್ಲಿ ನೆಲೆಯಾಯಿತು. ಕಾಡಾನೆಯನ್ನೇ ಕಂಡಿರದ ಹಳ್ಳಿಗಳಿಗೆ ಕಾಡಾನೆ ಬಂತು. 2024ರ ಅಕ್ಟೋಬರ್ ಕೊನೆಯಲ್ಲಿ, ಸೀಸನ್ ತೆರೆದು ತಿಂಗಳೂ ತುಂಬಿರಲಿಲ್ಲ, ಹತ್ತು ಆನೆಗಳು ಕೆಲವೇ ದಿನಗಳಲ್ಲಿ ಸತ್ತವು. ಮೊದಲು ಅನುಮಾನ ಬಿದ್ದದ್ದು ವಿಷ ಹಾಕಿದವರ ಮೇಲೆ. ಪರೀಕ್ಷೆಯಲ್ಲಿ ತಿಳಿದದ್ದು ಬೇರೆ: ಶಿಲೀಂಧ್ರ ಹಿಡಿದ ಹಾರಕದ ಪೈರನ್ನು ಅವು ಹೊಟ್ಟೆತುಂಬ ತಿಂದಿದ್ದವು, ಅದರಲ್ಲಿನ ಸೈಕ್ಲೋಪಿಯಾಜೋನಿಕ್ ಆಮ್ಲ ಕೊಂದಿತ್ತು. ಹಾರಕವನ್ನು ಅಲ್ಲಿ ಕೋದೋ ಎನ್ನುತ್ತಾರೆ. ಗೋಂಡ, ಬೈಗಾ ಮನೆಗಳ ದಿನದ ಗಂಜಿ ಅದು. ಒದ್ದೆ ವರ್ಷದ ಕೋದೋ ತಿಂದರೆ ತಲೆ ತಿರುಗುತ್ತದೆ ಎಂಬುದು ಆ ರೈತರಿಗೆ ಅಜ್ಜಂದಿರ ಕಾಲದಿಂದ ಗೊತ್ತು. ಅತಿಥಿಗೆ ಇದನ್ನು ವಿವರಿಸಬೇಕಾದ ನ್ಯಾಚುರಲಿಸ್ಟ್ ಒಮ್ಮೆಯಾದರೂ ಆ ಹೊಲದಲ್ಲಿ ನಿಂತು, ಆ ಗಂಜಿ ಕುಡಿದಿರಬೇಕು. ಪುಸ್ತಕ ಓದಿ ಹೇಳುವವರ ಮಾತಿಗೂ ಅವರ ಮಾತಿಗೂ ವ್ಯತ್ಯಾಸ ಜೀಪಿನ ಹಿಂದಿನ ಸೀಟಿನವರೆಗೂ ತಿಳಿಯುತ್ತದೆ.

ದೂರು ಇರುವುದು ಊಟದ ಮೇಜಿನ ಮೇಲೆ. ಇಷ್ಟೆಲ್ಲ ತಿರುಗಿ, ತಿಂದು, ಕಲಿತು ಬಂದವರು ಅಕ್ಟೋಬರ್ 1ರ ರಾತ್ರಿ ಬಡಿಸುವುದು ಮತ್ತದೇ ಪನೀರ್ ಬಟರ್ ಮಸಾಲ, ಫ್ರೈಡ್ ರೈಸ್, ಗುಲಾಬ್ ಜಾಮೂನು. ಅತಿಥಿಗಳು ಬೇರೆಯದನ್ನು ತಿನ್ನುವುದಿಲ್ಲ ಎಂಬುದು ವ್ಯವಸ್ಥಾಪಕರ ಸಮರ್ಥನೆ. ಕೊಟ್ಟು ನೋಡಿದ ಲಾಡ್ಜುಗಳ ಅನುಭವ ಹಾಗಿಲ್ಲ. ಕೋದೋ ಪುಲಾವ್, ಮಹುವಾ ಲಾಡು, ಝಾಬುವಾದ ಕಡಕ್‌ನಾಥ್ ಕೋಳಿ ಈಗ ಅಲ್ಲಲ್ಲಿ ಪಟ್ಟಿಯಲ್ಲಿ ಕಾಣಿಸುತ್ತಿವೆ. ಇಡಹರ್ ಇನ್ನೂ ಸಿಬ್ಬಂದಿಯ ಊಟದ ಕೋಣೆಯಲ್ಲೇ ಉಳಿದಿದೆ. ಕೇಳಿದರೆ ಅಲ್ಲಿಂದಲೇ ಒಂದು ಬಟ್ಟಲು ತಂದುಕೊಡುವವರು ಇದ್ದಾರೆ, ಬುಧವಾರ ಮಧ್ಯಾಹ್ನ ಕೇಳಿದರೆ ಇನ್ನೂ ಒಳ್ಳೆಯದು. ಮಧ್ಯಪ್ರದೇಶದ ಉದ್ಯಾನಗಳಲ್ಲಿ ಆ ಹೊತ್ತು ಸಫಾರಿ ಇರುವುದಿಲ್ಲ, ಅಡುಗೆಯವರಿಗೂ ಮಾತಾಡಲು ಪುರಸೊತ್ತು.