ಚಹದ ಮುಯ್ಯಿ ಚಹಕ್ಕೇ ತೀರಲಿ



ನಮ್ಮ ದೊಡವಾಡದ ಸೀಮೆಯಲ್ಲಿ ಮುಯ್ಯಾಳು ಯಾರಿಗೆ ಗೊತ್ತಿಲ್ಲ? ಇಂದು ನೀವು ನಮ್ಮ ಹೊಲಕ್ಕೆ ಕಳೆ ತೆಗೆಯಲು ಬಂದರೆ ನಾಳೆ ನಾವು ನಿಮ್ಮ ಹೊಲಕ್ಕೆ. ಮದುವೆಯ ಆಯೇರಕ್ಕೂ ಅದೇ ನ್ಯಾಯ. ಪಡೆದದ್ದನ್ನು ತಿರುಗಿ ಕೊಡುವ ತನಕ ನಮಗೆ ಸಮಾಧಾನವಿಲ್ಲ. ಇದು ಒಳ್ಳೆಯ ಗುಣ. ಆದರೆ ಪೇಟೆಯಲ್ಲಿ ಇದೇ ಗುಣ ನಮಗೆ ಹಾನಿ ಮಾಡುವುದೂ ಉಂಟು. ಹೇಗೆಂಬುದನ್ನು ಇಂದು ವಿಚಾರ ಮಾಡೋಣ.

ಹತ್ತು ಕ್ವಿಂಟಲ್ ಹತ್ತಿ ಹೇರಿಕೊಂಡು ನೀವು ಪೇಟೆಗೆ ಹೋದಿರಿ ಎನ್ನಿ. ಅಡತಿ ಅಂಗಡಿಯವರು, "ಬರ್ರಿ ಗೌಡ್ರ, ಕುಂದರ್ರಿ. ಏ ತಮ್ಮಾ, ಚಾ ತಾ" ಎನ್ನುತ್ತಾರೆ. "ಎತ್ತಿಗೆ ಹಿಂಡಿ ಬೇಕೇನ್ರಿ? ಒಯ್ರಿ, ರೊಕ್ಕ ಆಮ್ಯಾಲೆ ನೋಡೂಣು." ಇವರೆಲ್ಲ ಕೆಟ್ಟವರೆಂದಲ್ಲ, ಅಡಚಣೆಗೆ ಆದವರೂ ಇದ್ದಾರೆ. ಆದರೆ ದರ ಹೇಳುವ ಹೊತ್ತಿಗೆ ನಿಮ್ಮ ಬಾಯಿ ಕಟ್ಟುತ್ತದೆ. "ಇಷ್ಟು ಮಾಡ್ಯಾರ, ಹ್ಯಾಂಗ ಒಲ್ಲೆ ಅನ್ನೂದು?" ಎಂಬ ಭಿಡೆ. ಕ್ವಿಂಟಲಿಗೆ ನೂರು ರೂಪಾಯಿ ಕಡಿಮೆ ಬಂದರೂ ಸಾವಿರ ರೂಪಾಯಿ ಹೋಯಿತು. ಅಷ್ಟು ತುಟ್ಟಿಯ ಚಹ ಯಾರಾದರೂ ಕುಡಿಯುತ್ತಾರೆಯೆ?

ಈ ಭಿಡೆ ನಮ್ಮ ಹಳ್ಳಿಯವರಿಗಷ್ಟೇ ಇದ್ದದ್ದಲ್ಲ. 1971 ರಲ್ಲಿ ಅಮೇರಿಕೆಯ ಡೆನಿಸ್ ರೀಗನ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಒಬ್ಬನು ಕೇಳದೆಯೇ ಒಂದು ಬಾಟಲಿ ಕೋಕಾಕೋಲಾ ತಂದು ಕೊಟ್ಟು, ಆಮೇಲೆ ಲಾಟರಿ ಚೀಟಿ ಮಾರಿದನು. ಪಾನೀಯ ಕುಡಿದವರು ಕುಡಿಯದವರಿಗಿಂತ ಸುಮಾರು ಎರಡು ಪಟ್ಟು ಚೀಟಿ ಕೊಂಡರು. ಅವನನ್ನು ಮೆಚ್ಚದವರೂ ಕೊಂಡರು!

ಹಾಗಾದರೆ ಮಾಡಬೇಕಾದದ್ದೇನು?

ಒಂದು, ಚಹ ಕುಡಿಯಿರಿ. ಮುಂದಿನ ಸಲ ನೀವೇ ಚಹ ಕುಡಿಸಿರಿ. ಅಲ್ಲಿಗೆ ಮುಯ್ಯಿ ತೀರಿತು.

ಎರಡು, ಮನೆ ಬಿಡುವ ಮೊದಲೇ ಬೈಲಹೊಂಗಲ, ಸವದತ್ತಿ, ರಾಮದುರ್ಗ ಪೇಟೆಗಳ ದರ ತಿಳಿದುಕೊಳ್ಳಿರಿ. ಈಗ ಮೊಬೈಲಿನಲ್ಲೇ ಅದು ಸಿಗುತ್ತದೆ. ಟೆಂಡರಿನ ದರ ಮನಸ್ಸಿಗೆ ಬಾರದಿದ್ದರೆ "ಒಲ್ಲೆ" ಎನ್ನುವ ಅಧಿಕಾರ ನಿಮ್ಮದು.

ಮೂರು, ಮುಂಗಡ ತಂದಿದ್ದರೆ ಅದು ಸಾಲ, ಉಪಕಾರವಲ್ಲ. ಬರೆಸಿ ತನ್ನಿರಿ, ಲೆಕ್ಕ ಮಾಡಿ ತೀರಿಸಿರಿ. ಮಾಲಿನ ದರದಲ್ಲಿ ಅದನ್ನು ಬೆರೆಸಬೇಡಿರಿ. ಗದಗ ಹತ್ತಿರದ ಕಣಗಿನಹಾಳದಲ್ಲಿ 1905 ರಲ್ಲಿ ರೈತರು ಪತ್ತಿನ ಸಹಕಾರಿ ಸಂಘ ಕಟ್ಟಿದರು. ಅಂಥ ಸಂಘದ ಸಾಲಕ್ಕೆ ಬಡ್ಡಿ ಇದೆ, ಹಂಗಿಲ್ಲ.

ಇನ್ನು ನೀವೇ ಮಾರುವಾಗ ಈ ಗುಣವನ್ನು ನ್ಯಾಯದಿಂದ ಬಳಸಿರಿ. ಸಂತೆಯಲ್ಲಿ ಕಾಯಿಪಲ್ಲೆ ಮಾರುವ ಅವ್ವ ತೂಕ ಸರಿಯಾಗಿ ಹಾಕಿ, ಮೇಲೆ ಒಂದು ಹಿಡಿ ಕೊಸರು ಹಾಕುತ್ತಾಳೆ. ಬೆಲ್ಲದವನು ರುಚಿಗೆ ಒಂದು ಚೂರು ಕೊಡುತ್ತಾನೆ. ಗಿರಾಕಿ ಮುಂದಿನ ವಾರ ಅವರನ್ನೇ ಹುಡುಕಿಕೊಂಡು ಬರುತ್ತಾನೆ. ಆದರೆ ತೂಕದಲ್ಲಿ ಕದ್ದು ಕೊಸರು ಕೊಟ್ಟರೆ ಅದು ಮೋಸ. ಒಂದು ದಿನ ಬಯಲಾದೀತು.

ಮುಯ್ಯಿಯನ್ನು ಮರೆಯಬೇಡಿರಿ, ಅದರ ಅಳತೆಯನ್ನೂ ಮರೆಯಬೇಡಿರಿ. ಚಹಕ್ಕೆ ಚಹ, ಆಳಿಗೆ ಆಳು. ವರ್ಷದ ಬೆಳೆಗೆ ಮಾತ್ರ ಸರಿಯಾದ ದರ.